ಎಷ್ಟು ಕಿಲೋಮೀಟರು ಆಯಿತು?

ಬೇಸಗೆಯ ರಜೆ ಮುಗಿದು ಶಾಲೆಗಳು ತೆರೆಯುವ ಹೊತ್ತಿಗೆ ನಮ್ಮ ಮಂಗಳೂರಿನಲ್ಲಿ ಮುಂಗಾರಿನ ಜೊತೆಗೆ ಇನ್ನೊಂದು ಸುರಿಮಳೆಯೂ ಆರಂಭವಾಗುತ್ತದೆ. ಅದು ಪ್ರವಾಸದ ವರದಿಗಳ ಸುರಿಮಳೆ. ಮದುವೆಯ ಊಟದ ಪಂಕ್ತಿಯಲ್ಲಿ, ಕದ್ರಿ ಪಾರ್ಕಿನ ಬೆಳಗಿನ ನಡಿಗೆಯಲ್ಲಿ, ಶಾಲೆಯ ಗೇಟಿನ ಬಳಿ ಕಾಯುವ ತಂದೆತಾಯಿಗಳ ನಡುವೆ ಒಂದೇ ಪ್ರಶ್ನೆ: "ಈ ಸಲ ಎಲ್ಲಿವರೆಗೆ ಹೋದಿರಿ? ಎಷ್ಟು ಕಿಲೋಮೀಟರು ಆಯಿತು?" ಒಬ್ಬರು ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಜೈಪುರದವರೆಗೆ ಹೋಗಿಬಂದಿರುತ್ತಾರೆ, ಇನ್ನೊಬ್ಬರು ಕಾಶ್ಮೀರವನ್ನೇ ಮುಟ್ಟಿ ಬಂದಿರುತ್ತಾರೆ, ಮೂರನೆಯವರು ಬರುವ ವರ್ಷ ಲಡಾಖಿಗೆ ಹೊರಡುವುದಾಗಿ ಈಗಲೇ ಸಾರಿಬಿಡುತ್ತಾರೆ. ಕ್ರಿಕೆಟ್ಟಿನಲ್ಲಿ ಓಟಗಳನ್ನು ಎಣಿಸಿದಂತೆ ರಾಜ್ಯಗಳನ್ನು ಎಣಿಸುತ್ತಾರೆ. ಎಣಿಸಲು ಏನೂ ಇಲ್ಲದವನ ಕಡೆಗೆ ಎಲ್ಲರೂ ತಿರುಗಿ ಕನಿಕರದಿಂದ ಕೇಳುತ್ತಾರೆ: "ಎಂತ ಸರ್, ಈ ಸಲ ನೀವು ಎಲ್ಲಿಗೂ ಇಲ್ವಾ? ಮಕ್ಕಳು ದೇಶ ನೋಡುದು ಬೇಡ್ವಾ?"

ಬೇಕು. ಮಕ್ಕಳು ದೇಶ ನೋಡಬೇಕೆಂಬುದರಲ್ಲಿ ನನಗೆ ಯಾರೊಡನೆಯೂ ಜಗಳವಿಲ್ಲ. ನಾಲ್ಕು ಗೋಡೆಗಳ ನಡುವೆ ಕುಳಿತು ಭೂಪಟ ಬರೆಯುವುದಕ್ಕಿಂತ ದಾರಿಯ ಧೂಳು ತಿನ್ನುವುದು ಮೇಲೆಂದು ನಾನೂ ಬಲ್ಲೆ. ನನ್ನ ತಕರಾರು ಬೇರೆ. ನಾವು ಮಕ್ಕಳಿಗೆ ತೋರಿಸುತ್ತಿರುವುದು ದೇಶವನ್ನಲ್ಲ, ರಸ್ತೆಯನ್ನು. ದೂರದ ಹಿಮವನ್ನು ತೋರಿಸುವ ಅವಸರದಲ್ಲಿ, ನಮ್ಮ ಮನೆಯ ಗೋಡೆ ಎಬ್ಬಿಸಿದವರ ಊರನ್ನು ಅವರ ಕಣ್ಣಿಗೆ ಬೀಳದಂತೆ ದಾಟಿಸಿಬಿಡುತ್ತಿದ್ದೇವೆ. ಇದು ಸಣ್ಣ ತಪ್ಪಲ್ಲ ಎಂಬುದೇ ನನ್ನ ವಾದ.

ಪರರನ್ನು ದೂರುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. ಮೂರು ವರ್ಷಗಳ ಹಿಂದೆ ನಾನೂ ಈ ಪಂದ್ಯಕ್ಕಿಳಿದವನೇ. ಹೆಂಡತಿ, ಮಗಳು, ಮಗ ಇವರನ್ನು ಕೂರಿಸಿಕೊಂಡು ಮೇ ತಿಂಗಳ ಬಿಸಿಲಿನಲ್ಲಿ ಆಗ್ರಾ, ದಿಲ್ಲಿಗಳಿಗೆ ಹೊರಟೆ. ಹದಿನಾಲ್ಕು ದಿನಗಳ ಪ್ರವಾಸ. ಹೋಗುವ ದಾರಿಯೊಂದೇ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ್ದು. ದಿನಕ್ಕೆ ಐನೂರಕ್ಕೆ ಕಡಮೆಯಾಗಬಾರದೆಂಬುದು ನನ್ನ ಪಣ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳು ನಮಗೆ ಊರುಗಳಾಗಿ ಕಾಣಲೇ ಇಲ್ಲ. ಹಸಿರು ಹಲಗೆಯ ಮೇಲೆ ಬಿಳಿ ಅಕ್ಷರಗಳಾಗಿ ಬಂದು, ಬೈಪಾಸಿನ ಆಚೆಗೆ ಉಳಿದುಹೋದುವು. ಹಿಂದಿನ ಸೀಟಿನಲ್ಲಿ ಮಕ್ಕಳ ತಲೆ ಮೊಬೈಲಿನ ಮೇಲೆ ಬಾಗಿತ್ತು. ಆಗಾಗ ಒಂದು ದನಿ ಏಳುತ್ತಿತ್ತು: "ಅಪ್ಪ, ಇನ್ನೆಷ್ಟು ದೂರ?" ನಾನು ಅಂಕಿಯಲ್ಲಿ ಉತ್ತರ ಹೇಳುತ್ತಿದ್ದೆ. ನನಗೂ ಅಂಕಿಯೇ ಬೇಕಾಗಿತ್ತು.

ಶಾಲೆ ತೆರೆದ ಮೇಲೆ ಕನ್ನಡದ ಅಧ್ಯಾಪಕಿ 'ನಾನು ಮಾಡಿದ ಪ್ರವಾಸ' ಎಂಬ ಪ್ರಬಂಧ ಬರೆಯಲು ಹೇಳಿದರು. ಮಗಳು ಬರೆದುದನ್ನು ಕುತೂಹಲದಿಂದ ಓದಿದೆ. ಹೋಟೆಲಿನ ಈಜುಕೊಳವಿತ್ತು. ತಾಜಮಹಲಿನ ಮುಂದೆ ಕಾಲು ಸುಟ್ಟುದಿತ್ತು. ತಮ್ಮ ಎಣಿಸಿದ ಟೋಲುಗೇಟುಗಳ ಲೆಕ್ಕವಿತ್ತು. ಎರಡು ಪುಟ ತುಂಬ ಬರೆದಿದ್ದಳು. ವ್ಯಾಕರಣದ ತಪ್ಪೂ ಹೆಚ್ಚಿರಲಿಲ್ಲ. ಆದರೆ ಆ ಎರಡು ಪುಟಗಳಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ! ಹದಿನಾಲ್ಕು ದಿನಗಳಲ್ಲಿ ನನ್ನ ಮಗಳು ಒಬ್ಬ ಅಪರಿಚಿತರೊಡನೆಯೂ ಹತ್ತು ಮಾತು ಆಡಿರಲಿಲ್ಲ. ಆಡಲು ನಾನು ಬಿಟ್ಟಿದ್ದರಲ್ಲವೇ?

ಅದಕ್ಕಿಂತ ಹರಿತವಾದ ಪೆಟ್ಟು ಹಿಂದಿರುಗುವ ದಾರಿಯಲ್ಲೇ ಬಿದ್ದಿತ್ತು. ಹುಬ್ಬಳ್ಳಿಯ ಹೊರವಲಯದಲ್ಲಿ ಚಹಾಕ್ಕೆಂದು ಐದು ನಿಮಿಷ ನಿಂತಿದ್ದೆವು. ಅಂಗಡಿಯ ಹೆಂಗಸು, "ಬರ್ರಿ, ಕುಂಡ್ರಿ, ಮಕ್ಕಳಿಗೆ ಹಾಲು ಕೊಡ್ಲೇನ್ರಿ?" ಎಂದು ಉಪಚರಿಸಿದಳು. ಕಾರು ಹತ್ತಿದ ಮೇಲೆ ಮಗಳು ಕೇಳಿದಳು. ನಮ್ಮ ಮನೆಮಾತು ತುಳು; ಅವಳ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತೇನೆ: "ಅಪ್ಪ, ಇವರದು ನಮ್ಮಲ್ಲಿ ಕಟ್ಟಡದ ಕೆಲಸಕ್ಕೆ ಬರುವವರ ಭಾಷೆ ಅಲ್ಲವಾ? ಅದು ಕನ್ನಡವೇನಾ?"

ಕನ್ನಡ ಕಲಿಸಿ ಅನ್ನ ಉಣ್ಣುವವನ ಮಗಳ ಪ್ರಶ್ನೆ ಇದು! ಅವಳನ್ನು ಗದರಿಸುವ ಹಕ್ಕು ನನಗಿರಲಿಲ್ಲ. ಅವಳಿಗೆ ಕನ್ನಡವೆಂದರೆ ಶಾಲೆಯ ಒಂದು ಪೀರಿಯಡ್ಡು, ಪರೀಕ್ಷೆಯ ಒಂದು ಕಾಗದ. ಇನ್ನೊಂದು ಕನ್ನಡವನ್ನು ಅವಳು ಕೇಳಿದ್ದುದು ನಮ್ಮ ಬೀದಿಯಲ್ಲಿ ಏಳುತ್ತಿದ್ದ ಕಟ್ಟಡದ ಕೆಳಗೆ, ತಗಡಿನ ಶೆಡ್ಡಿನಲ್ಲಿ. ಬಾಗಲಕೋಟೆ, ಕೊಪ್ಪಳ, ಗದಗ, ರಾಯಚೂರುಗಳ ಕಡೆಯಿಂದ ಸಂಸಾರ ಸಮೇತ ಬಂದು ನಮ್ಮ ನಗರಕ್ಕೆ ಮಹಡಿಯ ಮೇಲೆ ಮಹಡಿ ಏರಿಸಿದವರನ್ನು ನಾವು ಹೆಸರು ಹಿಡಿದು ಕರೆಯುತ್ತೇವೆಯೇ? ಇಲ್ಲ. ಎಲ್ಲರಿಗೂ ಸೇರಿಸಿ 'ಘಟ್ಟದವರು' ಎನ್ನುತ್ತೇವೆ. ಹೇಳುವುದಕ್ಕೆ ಅದು ಭೂಗೋಳದ ಮಾತು. ಹೇಳುವ ದನಿಯಲ್ಲಿರುವುದು ಬೇರೆ. ಮಕ್ಕಳು ಕಲಿಯುವುದು ಮಾತನ್ನಲ್ಲ, ದನಿಯನ್ನು.

ಇದರಲ್ಲಿ ಒಂದು ದೊಡ್ಡ ವಿಪರ್ಯಾಸವಿದೆ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿದ್ದ ಶ್ರೀವಿಜಯ 'ಕವಿರಾಜಮಾರ್ಗ'ವನ್ನು ರಚಿಸಿದ. ನಮಗೆ ಉಳಿದುಬಂದಿರುವ ಕನ್ನಡ ಗ್ರಂಥಗಳಲ್ಲಿ ಅದೇ ಅತ್ಯಂತ ಹಳೆಯದು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡೆಂದು ಹೇಳಿದ ಮೇಲೆ, ಆ ನಾಡಿನ ಒಳಗೂ ಕನ್ನಡದ ತಿರುಳು ಇರುವುದು ಯಾವ ಊರುಗಳ ನಡುವೆ ಎಂಬುದನ್ನು ಅವನು ಹೆಸರಿಸಿ ತೋರಿಸುತ್ತಾನೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ—ಇವು ನಾಲ್ಕು. ಇಂದಿನ ಹೆಸರಿನಲ್ಲಿ ಹೇಳಬೇಕಾದರೆ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲು, ಕೊಪ್ಪಳ, ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಬೆಳಗಾವಿ ಜಿಲ್ಲೆಯ ಒಕ್ಕುಂದ. ಎಂದರೆ, ಕವಿಯು ತಿರುಳುಗನ್ನಡದ ನೆಲವೆಂದು ಬೊಟ್ಟುಮಾಡಿದ ಸೀಮೆಯಿಂದ ಬಂದು ನಮ್ಮ ಮನೆಗೆ ಕಲ್ಲು ಹೊತ್ತವರ ಮಾತನ್ನು ಕೇಳಿ ನಮ್ಮ ಮಕ್ಕಳು, ಇದು ಕನ್ನಡವೇ ಎಂದು ಸಂಶಯಪಡುತ್ತಾರೆ!

ಈ ನಾಲ್ಕು ಹೆಸರುಗಳನ್ನು ನಾನು ವರ್ಷ ವರ್ಷವೂ ಕರಿಹಲಗೆಯ ಮೇಲೆ ಬರೆದು ವಿದ್ಯಾರ್ಥಿಗಳಿಂದ ಉರುಹೊಡೆಸಿದ್ದೇನೆ. ನಾಲ್ಕರಲ್ಲಿ ಒಂದನ್ನೂ ನಾನು ಕಣ್ಣಾರೆ ಕಂಡಿರಲಿಲ್ಲ. ದಿಲ್ಲಿಯನ್ನು ಕಂಡಿದ್ದೆ.

ಕಳೆದ ಡಿಸೆಂಬರಿನ ಕ್ರಿಸ್ಮಸ್ ರಜೆಯಲ್ಲಿ ಅದೇ ಕಾರಿನಲ್ಲಿ, ಅದೇ ನಾಲ್ವರು ಮತ್ತೆ ಹೊರಟೆವು. ಈ ಸಲ ಕಟ್ಟಳೆಗಳು ಬೇರೆ. ದಿನಕ್ಕೆ ಇನ್ನೂರೈವತ್ತು ಕಿಲೋಮೀಟರಿಗಿಂತ ಹೆಚ್ಚು ಓಡತಕ್ಕದ್ದಲ್ಲ. ಸಾಧ್ಯವಿದ್ದಲ್ಲೆಲ್ಲ ಬೈಪಾಸು ಬಿಟ್ಟು ಊರೊಳಗಿನಿಂದ ಹೋಗತಕ್ಕದ್ದು. ಮಧ್ಯಾಹ್ನದ ಊಟ ಖಾನಾವಳಿಯಲ್ಲಿ. ದಾರಿ ಕೇಳುವ ಕೆಲಸ ಮಕ್ಕಳದು, ಮೊಬೈಲಿನದಲ್ಲ.

ಮೊದಲ ದಿನ ಕರಾವಳಿಯ ಹೆದ್ದಾರಿಯಲ್ಲಿ ಅಂಕೋಲೆಯ ಕಡೆಗೆ. ಅಂಕೋಲೆಗೆ ಮೊದಲು ಶಿರೂರಿನಲ್ಲಿ ಗಾಡಿ ನಿಲ್ಲಿಸಿದೆ. 2024ರ ಜುಲೈ 16ರಂದು ಅಲ್ಲಿ ಗುಡ್ಡ ಕುಸಿದು, ರಸ್ತೆಯ ಬದಿಯ ಚಹಾದ ಅಂಗಡಿಯನ್ನೂ ಅದರಲ್ಲಿದ್ದ ಸಂಸಾರವನ್ನೂ ಬಲಿ ತೆಗೆದುಕೊಂಡಿತು. ದಾರಿಬದಿಯಲ್ಲಿ ನಿಂತಿದ್ದ ಲಾರಿಯೊಂದು ಗಂಗಾವಳಿ ಹೊಳೆಯಿಂದ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ. ಮಗ ಗುಡ್ಡದ ಕಡಿದ ಮೈಯನ್ನೇ ನೋಡುತ್ತ, "ಗುಡ್ಡ ಯಾಕೆ ಬಿತ್ತು?" ಎಂದ. ರಸ್ತೆ ಅಗಲವಾಗಲೆಂದು ಗುಡ್ಡದ ಕಾಲು ಕಡಿದಿದ್ದರು, ಮೇಲಿನಿಂದ ಮಳೆ ಹಿಡಿದಿತ್ತು ಎಂದು ತಿಳಿದಷ್ಟು ಹೇಳಿದೆ. "ರಸ್ತೆ ಯಾಕೆ ಅಗಲವಾಗಬೇಕು?" ಎಂದು ಅವನ ಎರಡನೆಯ ಪ್ರಶ್ನೆ. ನಮ್ಮಂಥವರು ಬೇಗ ಹೋಗುವುದಕ್ಕೆ ಎಂದು ಹೇಳುವಾಗ ನಾಲಗೆ ತಡವರಿಸಿತು. ನೂರರ ವೇಗದಲ್ಲಿ ಹೋಗುವವರಿಗೆ ಈ ಪ್ರಶ್ನೆಗಳು ಎದುರಾಗುವುದಿಲ್ಲ. ಶಿರೂರು ಅರ್ಧ ನಿಮಿಷದಲ್ಲಿ ಹಿಂದೆ ಬಿದ್ದಿರುತ್ತದೆ.

ಅಂಕೋಲೆಯಿಂದ ಅರೆಬೈಲು ಘಟ್ಟ ಹತ್ತಿ, ಯಲ್ಲಾಪುರದ ಕಾಡು ದಾಟಿ ಹುಬ್ಬಳ್ಳಿಯ ಬಯಲಿಗೆ ಇಳಿದೆವು. ಈ ರಾಷ್ಟ್ರೀಯ ಹೆದ್ದಾರಿಯ ಇನ್ನೊಂದು ತುದಿ ಪಂಜಾಬಿನ ಸಂಗರೂರಿನಲ್ಲಿದೆಯೆಂದು ಮಕ್ಕಳಿಗೆ ಹೇಳಿದೆ. ಹಿಂದಿನ ಚಪಲ ಒಂದು ಗಳಿಗೆ ತಲೆಯೆತ್ತಿತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ನಾವು ಲಕ್ಷ್ಮೇಶ್ವರದ ಕಡೆಗೆ ಹೊರಳಿದೆವು. ಮುರಕಲ್ಲಿನ ಕೆಂಪು ನೆಲದಲ್ಲಿ ಹುಟ್ಟಿದ ಮಕ್ಕಳು ಎರೆಯ ಕಪ್ಪು ನೆಲವನ್ನು ಮುಟ್ಟಿ ಮುಟ್ಟಿ ನೋಡಿದರು. ನಮ್ಮ ಹೆಂಚಿನ ಇಳಿಜಾರು ಮಾಡುಗಳ ಬದಲಿಗೆ ಮಣ್ಣಿನ ಮಟ್ಟಸ ಮಾಳಿಗೆಗಳು. "ಇಲ್ಲಿ ಮಳೆ ಬಂದರೆ ನೀರು ಎಲ್ಲಿ ಹೋಗುತ್ತದೆ?" ಎಂದು ಮಗನ ಚಿಂತೆ. ಮಳೆಯೇ ಅಷ್ಟಿಲ್ಲ ಎಂಬ ಉತ್ತರದೊಳಗೆ, ಅಲ್ಲಿಯ ಜನ ನಮ್ಮೂರಿಗೆ ಏಕೆ ಬರುತ್ತಾರೆಂಬ ಉತ್ತರವೂ ಅಡಗಿತ್ತು. ಅದನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯದ ಬಳಿ ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿಯೊಬ್ಬಳು ಮಗಳನ್ನು ಹತ್ತಿರ ಕರೆದಳು.

"ಯಾವೂರವ್ವಾ ನಿಂದು?"

"ಮಂಗಳೂರು, ಅಜ್ಜಿ."

"ಅಲ್ಲಿ ಸಮುದ್ರ ಐತೆಲ್ಲ! ಅದರ ನೀರು ಉಪ್ಪಂತಲ್ಲ, ಖರೇನ?"

"ಹೌದು, ತುಂಬ ಉಪ್ಪು. ಬಾಯಿಗೆ ಹಾಕಲಿಕ್ಕೆ ಆಗುವುದಿಲ್ಲ."

"ಮತ್ತ ಕುಡಿಯಾಕ ಏನ್ ಮಾಡ್ತೀರಿ?"

ಮಗಳು ಬಾವಿಯ ವಿಷಯ ಹೇಳಿದಳು, ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಅಣೆಕಟ್ಟಿನಿಂದ ನಗರಕ್ಕೆ ನೀರು ಬರುವುದನ್ನು ಹೇಳಿದಳು, ತಡವರಿಸಿದಳು, ಮಾತು ಸಿಗದಲ್ಲಿ ಕೈಯಾಡಿಸಿದಳು. ಕಾಲು ಗಂಟೆ ಕಳೆಯಿತು. ಕೊನೆಗೆ ಅಜ್ಜಿ, "ನಿನ್ನ ಮಾತು ಭಾಳ ಚೆಂದ ಐತಿ ಬಿಡವ್ವಾ, ಪುಸ್ತಕ ಓದಿದಂಗ" ಎಂದಳು. ಮಗಳು ಹಿಗ್ಗಿದಳು. ನನಗೆ ಮಾತ್ರ ಅದು ಹೊಗಳಿಕೆಯೋ ಛೀಮಾರಿಯೋ ತಿಳಿಯಲಿಲ್ಲ. ಅಂಕಗಳಿಗಾಗಿಯಲ್ಲದೆ, ಒಬ್ಬ ಮನುಷ್ಯಳಿಗೆ ಒಂದು ಸಂಗತಿ ತಿಳಿಸುವುದಕ್ಕಾಗಿ ನನ್ನ ಮಗಳು ಕನ್ನಡವನ್ನು ದುಡಿಸಿಕೊಂಡದ್ದು ಪ್ರಾಯಶಃ ಅದೇ ಮೊದಲು.

ಕೊಪ್ಪಳದಲ್ಲಿ ಗವಿಮಠದ ಬೆಟ್ಟದ ಬಂಡೆಯ ಮೇಲಿರುವ ಅಶೋಕನ ಶಾಸನವನ್ನು ನೋಡಿದೆವು. ಆದರೆ ಆ ಊರಿನಲ್ಲಿ ನಾವು ಕಲಿತ ಪಾಠ ಬಂಡೆಯ ಮೇಲಿನದಲ್ಲ. ಖಾನಾವಳಿಯಲ್ಲಿ ರೊಟ್ಟಿ ಬಡಿಸುತ್ತಿದ್ದವನು ನಮ್ಮ ಊರಿನ ಹೆಸರು ಕೇಳಿದೊಡನೆ ಮುಖವರಳಿಸಿ, ತನ್ನ ತಮ್ಮ ಮಂಗಳೂರಿನ ಬಿಜೈಯಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಇದ್ದಾನೆಂದು ಹೇಳಿದ. ಇನ್ನೆರಡು ರೊಟ್ಟಿ ಒತ್ತಾಯದಿಂದ ಹಾಕಿದ. ಅನಂತರ, ಯಾವ ಕಹಿಯೂ ಇಲ್ಲದೆ ಅಂದ: "ನಿಮ್ಮೂರಾಗ ಪಗಾರ ಚಲೋ ಐತ್ರಿ. ಆದ್ರ ಮಂದಿ ಮಾತಾಡ್ಸೂದಿಲ್ಲ ಅಂತಾನ್ರಿ ತಮ್ಮ."

ನಾವು ಯಾರೂ ಉತ್ತರ ಕೊಡಲಿಲ್ಲ. ಮಗ ತಟ್ಟೆಯಿಂದ ತಲೆಯೆತ್ತಿ ನನ್ನ ಮುಖ ನೋಡಿದ. ದಿಲ್ಲಿಯ ದಾರಿಯುದ್ದಕ್ಕೂ ಅವನು ನನ್ನನ್ನು ಹಾಗೆ ನೋಡುವಂತಹ ಸಂದರ್ಭ ಒಂದೂ ಬಂದಿರಲಿಲ್ಲ.

ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಾಲಯದ ಮುಂದೆ ನಿಂತು ಮಕ್ಕಳಿಗೆ ದೂರಪ್ರಯಾಣದ ಒಂದು ಕಥೆ ಹೇಳಿದೆ. 8ನೆಯ ಶತಮಾನದಲ್ಲಿ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಗೆದ್ದ ಊರನ್ನು ಸೂರೆಮಾಡಲಿಲ್ಲ; ಅಲ್ಲಿಯ ಕೈಲಾಸನಾಥ ದೇವಾಲಯದ ಸಂಪತ್ತನ್ನು ಕಂಡು, ಅದನ್ನು ದೇವರಿಗೇ ಬಿಟ್ಟುಕೊಟ್ಟುದಾಗಿ ಅದೇ ದೇವಾಲಯದಲ್ಲಿ ಕನ್ನಡದಲ್ಲಿ ಶಾಸನ ಹಾಕಿಸಿದ. ಅವನ ರಾಣಿ ಲೋಕಮಹಾದೇವಿ ಆ ವಿಜಯದ ನೆನಪಿಗೆ ಕಟ್ಟಿಸಿದ ಈ ಗುಡಿಯಲ್ಲಿ ಕಂಚಿಯ ಗುಡಿಯ ಛಾಯೆಯನ್ನು ಇಂದಿಗೂ ಕಾಣಬಹುದು. ದೂರ ಹೋದವನು ಹೀಗೆ ಹೋಗಬೇಕು: ಕಣ್ಣಿಟ್ಟು ನೋಡಿ, ನೋಡಿದ್ದನ್ನು ಮನೆಗೆ ತಂದು ನಾಟಬೇಕು. ನಾವು ದಿಲ್ಲಿಯಿಂದ ತಂದದ್ದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ತಾಜಮಹಲು.

ನಾಲ್ಕರಲ್ಲಿ ಮೂರು ಊರುಗಳನ್ನು ನೋಡಿದೆವು. ಒಕ್ಕುಂದ ಉಳಿಯಿತು, ರಜೆ ಮುಗಿದಿತ್ತು. ಉಳಿದುದಕ್ಕೆ ನನಗೆ ವ್ಯಥೆಯಿಲ್ಲ. ಎಲ್ಲವನ್ನೂ ಮುಗಿಸಿಬಿಡಬೇಕೆಂಬ ಹಟದಿಂದಲೇ ಈ ರೋಗ ಹುಟ್ಟಿದ್ದು.

ಇನ್ನು ಆಕ್ಷೇಪಗಳು. "ಹಾಗಾದರೆ ಹಿಮಾಲಯ ನೋಡುವುದು ತಪ್ಪೇ?" ಎಂದು ಕೇಳುವವರಿದ್ದಾರೆ. ತಪ್ಪಲ್ಲ. ಯೋಗ್ಯತೆಯಿದ್ದವರು ಅವಶ್ಯ ಹೋಗಲಿ. ಆದರೆ ಕಾಗುಣಿತ ಕಲಿಯದೆ ಕಾವ್ಯಕ್ಕೆ ಕೈಹಾಕುವುದು ಬೇಡ. "ರಜೆ ಎಲ್ಲಿದೆ, ದುಡ್ಡು ಎಲ್ಲಿದೆ?" ಎನ್ನುವವರಿಗೆ ನನ್ನ ಉತ್ತರ ಇನ್ನೂ ಸುಲಭ. ದಿಲ್ಲಿಯ ಪ್ರವಾಸಕ್ಕೆ ಆದ ಖರ್ಚಿನ ಕಾಲುಭಾಗವೂ ನಮಗೆ ಲಕ್ಷ್ಮೇಶ್ವರ, ಕೊಪ್ಪಳಗಳಿಗೆ ಆಗಲಿಲ್ಲ. ಕಾರಿಲ್ಲದವರು ಮರುಗಬೇಕಾಗಿಲ್ಲ, ಮಂಗಳೂರಿನಿಂದ ಹುಬ್ಬಳ್ಳಿಗೆ ಸರಕಾರದ ಬಸ್ಸಿದೆ. ಬಸ್ಸಿನಲ್ಲಿ ಪಕ್ಕದ ಸೀಟಿನವರೊಡನೆ ಮಾತಾಡದೆ ವಿಧಿಯಿಲ್ಲವಾದ್ದರಿಂದ ಅದು ಕಾರಿಗಿಂತ ಒಂದು ಕೈ ಮೇಲೇ ಸರಿ.

"ಇದು ಸಂಕುಚಿತ ದೃಷ್ಟಿ, ಮಕ್ಕಳು ಭಾರತೀಯರಾಗಿ ಬೆಳೆಯಬೇಕು" ಎಂಬುದು ಮೂರನೆಯ ಆಕ್ಷೇಪ, ಎಲ್ಲಕ್ಕಿಂತ ಭಾರವಾದದ್ದು. ಒಪ್ಪಿದೆ. ಆದರೆ ತನ್ನ ಮನೆಯ ಮೆಟ್ಟಿಲ ಕೆಳಗೆ ಬಿಡಾರ ಹೂಡಿದವನೊಡನೆ, ತನ್ನದೇ ರಾಜ್ಯದವನೊಡನೆ, ತಾನು ಓದಿದ ಭಾಷೆಯಲ್ಲೇ ಮಾತಾಡಲು ಹಿಂಜರಿಯುವ ಮಗು ಕಾಶ್ಮೀರದಲ್ಲಿ ಯಾರ ಸೋದರನಾದೀತು? ಅಲ್ಲಿ ಅದು ಗಿರಾಕಿ ಮಾತ್ರ.

ಹಳೆಯ ಒಂದು ಲೆಕ್ಕವನ್ನೂ ಇಲ್ಲಿ ನೆನಪಿಸುವುದು ಅಗತ್ಯ. 1956ಕ್ಕೆ ಮೊದಲು ಮಂಗಳೂರು ಮದರಾಸಿಗೆ ಸೇರಿತ್ತು, ಪಟ್ಟದಕಲ್ಲು ಮುಂಬಯಿ ರಾಜ್ಯದ ವಿಜಾಪುರ ಜಿಲ್ಲೆಯಲ್ಲಿತ್ತು, ಕೊಪ್ಪಳ ಹೈದರಾಬಾದಿನಲ್ಲಿತ್ತು. ನಾವು ಒಂದು ವಾರದಲ್ಲಿ ಸುತ್ತಿಬಂದ ಊರುಗಳಿಗೆ ಆಗ ಮೂರು ಸರಕಾರಗಳು. ಅವನ್ನು ಒಂದುಗೂಡಿಸಲು ಎರಡು ತಲೆಮಾರಿನ ಜನ ಸಭೆ ಕೂಡಿದರು, ಬರೆದರು, ಸೆರೆಗೂ ಹೋದರು. ಕರಾವಳಿಯವರೇನೂ ಹಿಂದೆ ಬಿದ್ದಿರಲಿಲ್ಲ. ಮನೆಯಲ್ಲಿ ಕೊಂಕಣಿಯಾಡುತ್ತಿದ್ದ ಮಂಜೇಶ್ವರದ ಗೋವಿಂದ ಪೈಗಳು, ತುಳುವಾಡುತ್ತಿದ್ದ ಕಯ್ಯಾರ ಕಿಞ್ಞಣ್ಣ ರೈಗಳು ಕನ್ನಡವನ್ನು ತಮ್ಮದೆಂದು ಅಪ್ಪಿಕೊಂಡರು. 1956ರ ನವೆಂಬರ್ 1ರಂದು ರಾಜ್ಯ ಒಂದಾಯಿತು. ಅವರಿಬ್ಬರ ನೆಲ ಮಾತ್ರ ಕಾಸರಗೋಡಿನೊಡನೆ ಕೇರಳದ ಪಾಲಾಯಿತು. ಹಿರಿಯರು ಅಷ್ಟು ಕಷ್ಟಪಟ್ಟು ಅಳಿಸಿದ ಗಡಿಯನ್ನು ನಾವು ಮತ್ತೆ ಎಳೆದುಕೊಂಡಿದ್ದೇವೆ. ಅದಕ್ಕೆ ಕಲ್ಲು ನೆಡಬೇಕಾಗಲಿಲ್ಲ. ಘಟ್ಟವನ್ನೇ ಗಡಿ ಮಾಡಿಕೊಂಡೆವು, ಅಷ್ಟೆ.

ಒಂದು ಪ್ರವಾಸದಿಂದ ನನ್ನ ಮಕ್ಕಳು ಸಂತರಾದರೆಂದು ನಾನು ಹೇಳುವುದಿಲ್ಲ. ಮೊಬೈಲು ಮತ್ತೆ ಕೈಗೆ ಬಂದಿದೆ. ಕನ್ನಡದ ಅಂಕಗಳೂ ಏರಿಲ್ಲ. ಆದರೆ ಮೊನ್ನೆ ಒಂದು ಸಂಜೆ ನಮ್ಮ ಪಕ್ಕದ ಕಟ್ಟಡದಲ್ಲಿ ಮರಳು ಹೊರುತ್ತಿದ್ದ ಹೆಂಗಸನ್ನು ಮಗಳು, "ಅಕ್ಕ, ಯಾವ ಊರು ನಿಮ್ಮದು?" ಎಂದು ಕೇಳಿದ್ದು ಕಿಟಕಿಯಿಂದ ನನಗೆ ಕೇಳಿಸಿತು. "ಕುಷ್ಟಗಿ ಕಡೆದವ್ವಾ" ಎಂದು ಉತ್ತರ ಬಂತು. "ಕೊಪ್ಪಳದಿಂದ ಮುಂದೆಯಾ?" ಎಂದಳು ಮಗಳು. ಆ ಹೆಂಗಸು ಬುಟ್ಟಿಯನ್ನು ನೆಲಕ್ಕಿಟ್ಟು ನಿಂತಳು. ಏನು ಮಾತಾಡಿದರೋ ನಾನು ಕಿವಿಗೊಡಲಿಲ್ಲ. ಅದು ಅವರಿಬ್ಬರ ಮಾತು.

ಆದ್ದರಿಂದ, ಕನಿಕರದಿಂದ ನನ್ನನ್ನು ವಿಚಾರಿಸುವ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಬರುವ ಬೇಸಗೆಯಲ್ಲಿ ತಾವು ಎಲ್ಲಿಗೆ ಬೇಕಾದರೂ ಹೋಗಿ. ಕಾರು ತಮ್ಮದು, ರಜೆ ತಮ್ಮದು. ಆದರೆ ಹಿಂದಿರುಗಿದ ಮೇಲೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಷ್ಟು ಕಿಲೋಮೀಟರು ಆಯಿತೆಂದು ಕೇಳಬೇಡಿ. ಅದನ್ನು ಗಾಡಿಯೇ ಬರೆದಿಟ್ಟಿರುತ್ತದೆ. ಯಾರೊಡನೆ ಮಾತಾಡಿದಿರಿ ಎಂದು ಕೇಳಿ. ಉತ್ತರ ಬರದಿದ್ದರೆ, ತಪ್ಪು ಮಕ್ಕಳದಲ್ಲ, ಗಾಡಿ ನಡೆಸಿದವರದು.